ಅಜ್ಜನ ದನಿಯ ಅರ್ಜಿದಾರ

ಈ ದೇಶದ ಪ್ರಜೆಯಾಗಲು ನಾನು ಮಾಡಿದ ಕೆಲಸ ಒಂದೇ: ಪುಣೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಅತ್ತದ್ದು. ಅದೂ ಸ್ವಂತದ ಅಳುವಲ್ಲ. ಪಕ್ಕದ ತೊಟ್ಟಿಲಿನ ಕೂಸು ಅತ್ತ ಹಾಗೆಯೇ ಅತ್ತೆನೆಂದು ಅಜ್ಜಿ ಇವತ್ತಿಗೂ ಹೇಳುತ್ತಾಳೆ. ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಸುಡಾನಿನ ವಿದ್ಯಾರ್ಥಿಗೆ ಅದೇ ಪೌರತ್ವಕ್ಕೆ ಹದಿನಾಲ್ಕು ವರ್ಷ ಬೇಕಾಯಿತು, ತಲೆದಿಂಬಿನಷ್ಟು ದಪ್ಪದ ಒಂದು ಕಡತ ಬೇಕಾಯಿತು, ಸಾಲದ್ದಕ್ಕೆ ಸತ್ತವನೊಬ್ಬನ ಅಪ್ಪಣೆಯೂ ಬೇಕಾಯಿತು. ಈ ಕೊನೆಯದನ್ನು ಯಾವ ಕಾನೂನಿನಲ್ಲೂ ಬರೆದಿಲ್ಲ. ಅದನ್ನು ಸೇರಿಸಿದವನು ನಾನು.

ಸತ್ತವನು ನನ್ನ ಅಜ್ಜ. ಧಾರವಾಡದವನು. ದೇಹೂ ರೋಡಿನ ಸೈನ್ಯದ ಡಿಪೋದಲ್ಲಿ ಗುಮಾಸ್ತನಾಗಿ ಸವೆದು, ನಿವೃತ್ತಿಯ ಹೊತ್ತಿಗೆ ವಿಮಾನ ನಗರದಲ್ಲಿ ಅಜ್ಜಿಯ ಹೆಸರಿಗೆ ಪುಟ್ಟದೊಂದು ಮನೆ ಕಟ್ಟಿಸಿದ. ಆಗ ಅಲ್ಲಿ ಮಾಲ್‌ಗಳಿರಲಿಲ್ಲ. ಬಯಲು ಮತ್ತು ವಿಮಾನದ ಸದ್ದು ಅಷ್ಟೇ. ಅಜ್ಜನ ಮಾತಿಗೆ ಮೂರು ಗುರುತು. ಶುರುವಿಗೆ ಮುನ್ನ, ಬಿಗಿಯಾದ ಮೇಜಿನ ಡ್ರಾಯರು ಎಳೆದ ಹಾಗೆ 'ಹ್ಮ್' ಎಂದು ಗಂಟಲು ಸರಿಪಡಿಸುವುದು. ಆಮೇಲೆ, ಇನ್ನೂ ಏನೂ ಹೇಳದೆಯೇ 'ಅಂದ್ರ...' ಎನ್ನುವುದು. ನಡುವೆ ವಿಮಾನ ಬಂತೋ, ತೋರುಬೆರಳೆತ್ತಿ ನಿಲ್ಲುತ್ತಿದ್ದ. ಸದ್ದು ದಾಟಿದ ಮೇಲೆ ಕಡಿದ ಅಕ್ಷರದಿಂದಲೇ ಮುಂದುವರಿಸುತ್ತಿದ್ದ. ನಾನು ಆರು ವರ್ಷದವನಾಗಿದ್ದಾಗಲೇ ಇದಷ್ಟನ್ನೂ ಕದ್ದಿದ್ದೆ. ಅವನೆದುರೇ ಅವನಾಗಿ ಮಾತಾಡಿದರೆ ನಗುತ್ತಿದ್ದ. ಇನ್ನು ತಾನು ಹೋದರೂ ನಡೆಯುತ್ತದೆ ಅನ್ನುತ್ತಿದ್ದ.

ನನಗೆ ಹನ್ನೆರಡು ತುಂಬಿದ ವರ್ಷ ಹೋದ. ಹದಿಮೂರನೆಯ ದಿನ ಮುಗಿದ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಹಾಲಿನವನನ್ನು ಮಾಡು, ನಿನ್ನ ಗಣಿತದ ಮೇಷ್ಟ್ರನ್ನು ಮಾಡು, ಬೇಕಾದರೆ ನನ್ನನ್ನೇ ಮಾಡು, ಅಜ್ಜನನ್ನು ಮಾತ್ರ ಈ ಮನೆಯಲ್ಲಿ ಮಾಡಬೇಡ, ಅಜ್ಜಿಗೆ ತಡೆಯಲಾಗದು ಎಂದ. ಅಪ್ಪನಿಗೆ ಎರಡು ದನಿಗಳಿವೆ: ಫೋನಿನಲ್ಲಿ ಮರಾಠಿಯ ಉಬ್ಬಿದ ದನಿ, ಮನೆಯಲ್ಲಿ ಕನ್ನಡದ ಇಳಿದ ದನಿ. ಆ ದಿನ ಮೂರನೆಯದೊಂದು ಬಂತು. ಹಾಗಾಗಿ ಒಪ್ಪಿಕೊಂಡೆ.

ಆರು ತಿಂಗಳ ಬಳಿಕ ಮೇಲಿದ್ದ ಅಜ್ಜನ ಕೋಣೆಗೆ ಅವನು ಬಂದ. ಹತ್ತೊಂಬತ್ತರ ಸುಡಾನಿ ಹುಡುಗ, ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಔಷಧ ವಿಜ್ಞಾನ ಓದಲು ಬಂದವನು. ಇಂಗ್ಲಿಷಿನಲ್ಲಿ ವ್ಯವಹಾರ ನಡೆಯುತ್ತಿತ್ತು. ಆದರೆ ಊರಿನ ಭಾಷೆ ಕಲಿಯಬೇಕು, ನೀನು ಕಲಿಸುತ್ತೀಯಾ ಎಂದು ನನ್ನನ್ನು ಕೇಳಿದ. ಅವನು ಕೇಳಿದ್ದು ಪುಣೆಯ ಭಾಷೆ. ನಾನು ಕಲಿಸಿದ್ದು ನಮ್ಮ ಮನೆಯದು. ಅದು ಬೇರೆ ಎಂದು ಹೇಳುವುದಕ್ಕೆ ನನಗೆ ತೋಚಲಿಲ್ಲ ಎಂದರೆ ಸುಳ್ಳು. ತೋಚಿತ್ತು, ಮಜಾ ಅನ್ನಿಸಿ ಸುಮ್ಮನಿದ್ದೆ. ಅವನು ಮೊದಲ ಸಲ ಧೈರ್ಯ ಮಾಡಿ ಮಾತಾಡಿಸಿದ ರಿಕ್ಷಾದವನು ವಿಜಯಪುರದವನಾಗಿಬಿಟ್ಟ. ಇಬ್ಬರೂ ಕನ್ನಡದಲ್ಲೇ ಚೌಕಾಸಿ ಮಾಡಿ ಖುಷಿಪಟ್ಟರು. ಹೀಗಾಗಿ ಪುಣೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ ಎಂಬ ನಂಬಿಕೆ ಅವನಿಗೆ ಮೂರು ತಿಂಗಳು ನಡೆಯಿತು.

ಅದು ಸಣ್ಣ ತಪ್ಪು. ದೊಡ್ಡದು ಬೇರೆ ಇತ್ತು. ಆ ಕೋಣೆಯ ಬಾಗಿಲು ಹಾಕಿಕೊಂಡು ನಾನು ಪಾಠ ಹೇಳುತ್ತಿದ್ದುದು ಅಜ್ಜನ ದನಿಯಲ್ಲಿ. ಇಡೀ ಮನೆಯಲ್ಲಿ ಅಜ್ಜನನ್ನು ನೋಡದೇ ಇದ್ದವನು ಅವನೊಬ್ಬನೇ. ಅವನೆದುರು ಮಾಡಿದರೆ ಯಾರಿಗೂ ಅಳು ಬರುವಂತಿರಲಿಲ್ಲ. ವಾಕ್ಯಗಳೂ ಅಜ್ಜನವೇ. ಅವನು 'ಹ್ಮ್' ಎನ್ನುವುದನ್ನೂ ಬರೆದುಕೊಂಡ. ಬೆರಳೆತ್ತುವುದು ಕನ್ನಡದ ವ್ಯಾಕರಣದ ಭಾಗವೆಂದು ತಿಳಿದ. ನನಗಿಂತ ಚೆನ್ನಾಗಿ ಕಲಿತ. ನನ್ನದು ಹುಡುಗನ ಗಂಟಲು; ಅವನದು ಆಗಲೇ ಗಂಡಸಿನದು, ಬೇಕೆಂದರೆ ಆಳಕ್ಕೆ ಇಳಿಯಬಲ್ಲದ್ದು. ನಾನು ಕೊಟ್ಟದ್ದು ಅಜ್ಜನ ಚಿತ್ರದ ರೇಖೆಗಳನ್ನು ಮಾತ್ರ. ಬಣ್ಣ ತುಂಬುವಷ್ಟು ಗಂಟಲು ಅವನಲ್ಲಿತ್ತು.

ಕೆಳಗಿನವರಿಗೆ ಅದು ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ. ಅಜ್ಜಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವನು ಮೆಟ್ಟಿಲ ಕೆಳಗೆ ಬಂದು ತನ್ನ ಮೊದಲ ಕನ್ನಡವನ್ನು ಮನೆಯವರೆದುರು ಹೊರತೆಗೆದ.

"ಹ್ಮ್. ಅಂದ್ರ, ನೀರು ಕಾದಾವೇನ?"

"ಕಾದಾವ್ರಿ. ಟಾವೆಲ್ ಹಗ್ಗದ ಮ್ಯಾಲದ," ಎಂದಳು ಅಜ್ಜಿ, ತಿರುಗದೆ.

ಆಮೇಲೆ ಅವಳ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಬಹಳ ಹೊತ್ತು ತಿರುಗಲೇ ಇಲ್ಲ. ಅಪ್ಪ ಪತ್ರಿಕೆ ಇಳಿಸಿ ನನ್ನ ಮುಖ ನೋಡಿದ. ಟೆರೇಸಿಗೆ ಕರೆದೊಯ್ದು ಕಿವಿ ಹಿಂಡಿದ. ಆ ಹುಡುಗನಿಗೆ ಎಲ್ಲ ಹೇಳಿ ಬಿಡಿಸುತ್ತೇನೆ ಎಂದ. ಬೇಡವೆಂದವಳು ಅಜ್ಜಿ. ಪರದೇಶದ ಹುಡುಗ ಕಷ್ಟಪಟ್ಟು ಕಲಿತ ಬಾಯಿಯನ್ನು ಯಾಕೆ ಕಟ್ಟಬೇಕು ಎಂದಳಂತೆ. ಹಾಗಾಗಿ ಅವನಿಗೆ ಯಾರೂ ಏನೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಮನೆಯ ಫೋನು ಬಡಿದುಕೊಂಡಿತು. ಬೇರೆ ಯಾರೂ ಇರಲಿಲ್ಲವೆಂದು ಅವನೇ ಎತ್ತಿದ. ಸೊಲ್ಲಾಪುರದಲ್ಲಿ ಮಗನ ಮನೆಯಲ್ಲಿದ್ದ, ಅಜ್ಜನ ಹಳೆಯ ಡಿಪೋ ಗೆಳೆಯನೊಬ್ಬ ನಮ್ಮೆಲ್ಲರ ಕ್ಷೇಮ ಕೇಳಲು ಮಾಡಿದ ಫೋನದು. ಇವನು 'ಹ್ಮ್' ಎಂದ. ಆ ಕಡೆಯ ಮುದುಕ ಮಂಡಿನೋವಿನ ಬಗ್ಗೆ, ಡಿಪೋದ ಹಳೆ ಕ್ಯಾಂಟೀನಿನ ಬಗ್ಗೆ ಹತ್ತು ನಿಮಿಷ ಮಾತಾಡಿದ. ಇವನು ಕಲಿತ ವಾಕ್ಯಗಳನ್ನೆಲ್ಲ ಬಳಸಿ ಉತ್ತರ ಕೊಟ್ಟ. ಆಮೇಲೆ ಆ ಕಡೆ ಸದ್ದು ನಿಂತಿತಂತೆ. ಉಸಿರಷ್ಟೇ ಕೇಳುತ್ತಿತ್ತಂತೆ. ಕೊನೆಗೆ ಮುದುಕ ಮೆಲ್ಲಗೆ, "ನಿನ್ನ ಹೆಣಕ್ಕ ನಾನ ಹೆಗಲ ಕೊಟ್ಟಿದ್ನೆಲ್ಲೋ," ಎಂದು ಇಟ್ಟುಬಿಟ್ಟ. ಈ ವಾಕ್ಯದ ಅರ್ಥವೇನು ಎಂದು ಅವನು ರಾತ್ರಿಯ ಊಟಕ್ಕೆ ಕೂತಾಗ ನಮ್ಮನ್ನೆಲ್ಲ ಕೇಳಿದ. ಅಜ್ಜನ ದನಿಯಲ್ಲೇ ಕೇಳಿದ. ಅಮ್ಮ ಅವನಿಗೆ ಇನ್ನೊಂದು ಸಲ ಪಲ್ಯ ಬಡಿಸಿದಳು.

ಹದಿನಾಲ್ಕಕ್ಕೆ ನನ್ನ ಗಂಟಲು ಒಡೆಯಿತು. ಕೆಲವು ತಿಂಗಳು ನಾನೊಂದು ತುಕ್ಕು ಹಿಡಿದ ಗೇಟು. ಸರಿಹೋದ ಮೇಲೆ ಹಾಲಿನವ ವಾಪಸು ಬಂದ, ಗಣಿತದ ಮೇಷ್ಟ್ರು ಬಂದರು, ಅಪ್ಪನ ಎರಡೂ ದನಿಗಳು ಬಂದವು. ಅಜ್ಜ ಮಾತ್ರ ಬರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. ಅಜ್ಜ ಮೇಲಿನ ಕೋಣೆಯಲ್ಲಿದ್ದ.

ವರ್ಷಗಳು ಹೀಗೇ ಹೋದವು. ಅವನು ಪದವಿ ಮುಗಿಸಿದ, ಸಂಶೋಧನೆ ಮುಗಿಸಿದ, ಭೋಸರಿಯ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಕನ್ನಡದ ಕೂಲಿಕಾರರ ಜೊತೆ ಮಾತಾಡುವಾಗ ನಡುವೆ ಬೆರಳೆತ್ತಿ ನಿಲ್ಲುತ್ತಾನೆಂದು, ತಲೆಯ ಮೇಲೆ ಯಾವ ವಿಮಾನವೂ ಇರುವುದಿಲ್ಲವೆಂದು, ಅವನೇ ನಗುತ್ತ ಹೇಳಿದ್ದ. ನನಗೆ ನಗು ಬರಲಿಲ್ಲ. ನನಗೆ ನಗು ಬಾರದ ದಿನವೆಂದರೆ ಮನೆಯವರು ಥರ್ಮಾಮೀಟರು ತರುತ್ತಾರೆ.

ಅಷ್ಟರಲ್ಲಿ ಅವನ ದೇಶದಲ್ಲಿ ಯುದ್ಧ ಶುರುವಾಯಿತು. ಓಮ್ದುರ್ಮಾನಿನಲ್ಲಿದ್ದ ಅವನ ತಾಯಿಯ ಫೋನು ಮೊದಲು ಎತ್ತುವವರಿಲ್ಲದೆ ಬಡಿದುಕೊಳ್ಳುತ್ತಿತ್ತು, ಆಮೇಲೆ ಅದೂ ನಿಂತಿತು. ಅವನ ಪಾಸ್‌ಪೋರ್ಟಿನ ಅವಧಿ ಮುಗಿಯುವುದರಲ್ಲಿತ್ತು. ಹೊಸದು ಕೊಡಬೇಕಾದ ಕಚೇರಿಯಿಂದ ಉತ್ತರವಿರಲಿಲ್ಲ. ಇಲ್ಲಿ ವಾಸಿಸುವ ಪರವಾನಗಿಯೂ ಅದರ ಜೊತೆಗೇ ಮುಗಿಯುತ್ತಿತ್ತು. ಅಷ್ಟರೊಳಗೆ ಪೌರತ್ವದ ಅರ್ಜಿ ಒಳಗೆ ಹೋಗದಿದ್ದರೆ ಅವನು ಇಲ್ಲಿಯವನೂ ಅಲ್ಲ, ಅಲ್ಲಿಗೆ ಹೋಗುವಂತೆಯೂ ಇಲ್ಲ.

ನಿಯಮಗಳನ್ನು ವಕೀಲರು ಬಿಡಿಸಿ ಹೇಳಿದರು. ಕಳೆದ ಒಂದು ವರ್ಷ ದೇಶ ಬಿಟ್ಟು ಕದಲಿರಬಾರದು. ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ವರ್ಷ ಇಲ್ಲೇ ವಾಸವಿದ್ದಿರಬೇಕು. ಒಪ್ಪಿಗೆ ಸಿಕ್ಕರೆ ಹಳೆಯ ಪೌರತ್ವ ಬಿಟ್ಟುಕೊಡಬೇಕು. ಸಂವಿಧಾನದ ಪಟ್ಟಿಯಲ್ಲಿರುವ ಯಾವುದಾದರೂ ಒಂದು ಭಾಷೆ ಸಾಕಷ್ಟು ಬರುತ್ತಿರಬೇಕು; ಅವನು ಕನ್ನಡ ಎಂದು ಬರೆಸಿದ. ಇಬ್ಬರು ಭಾರತೀಯರು ಇವನನ್ನು ಬಲ್ಲೆವು, ನಡತೆ ಒಳ್ಳೆಯದು ಎಂದು ಪ್ರಮಾಣಪತ್ರ ಬರೆದುಕೊಡಬೇಕು. ಒಬ್ಬ ಅಪ್ಪ. ಇನ್ನೊಬ್ಬ ನಾನಾಗುತ್ತೇನೆಂದು ಎದೆಯುಬ್ಬಿಸಿದೆ. ಅರ್ಧ ಅವಧಿ ನೀನು ಚಡ್ಡಿಯಲ್ಲಿದ್ದೆಯಪ್ಪಾ ಎಂದು ವಕೀಲರು ತಳ್ಳಿಹಾಕಿದರು. ಮನೆ ಅಜ್ಜಿಯ ಹೆಸರಲ್ಲಿದೆ, ವರ್ಷವರ್ಷದ ಬಾಡಿಗೆ ಕರಾರಿನಲ್ಲಿ, ಪೊಲೀಸರಿಗೆ ಕೊಟ್ಟ ಕಾಗದಗಳಲ್ಲಿ ಅವಳದೇ ಸಹಿ ಇದೆ, ಅವಳೇ ಸರಿ ಎಂದರು.

ನೋಟರಿಯ ಮೇಜಿಗೆ ನಾವು ಮೂವರು ರಿಕ್ಷಾದಲ್ಲಿ ಹೋದೆವು. ಅಪ್ಪನದು ಹಿಂದಿನ ದಿನವೇ ಆಗಿತ್ತು. ನೋಟರಿ ಮರಾಠಿಯಲ್ಲಿ ಓದಿದರು. ನಾನು ಅವರ ಮೂಗಿನ ದನಿಯಲ್ಲೇ ಅಜ್ಜಿಗೆ ಕನ್ನಡದಲ್ಲಿ ಹೇಳಿದೆ: ಸದರಿ ಅರ್ಜಿದಾರನನ್ನು ನಾನು ಹದಿಮೂರು ವರ್ಷಗಳಿಂದ ಖುದ್ದಾಗಿ ಬಲ್ಲೆ. ಅಜ್ಜಿ ಪೆನ್ನಿಗೆ ಟೋಪಿ ಹಾಕಿದಳು.

"ಇದು ಸುಳ್ಳ ಅದ. ನಾ ಸಹಿ ಮಾಡೂದಿಲ್ಲ."

"ಅಜ್ಜಿ, ಹದಿಮೂರು ವರ್ಷ ಆತು ಅಂವಾ ನಮ್ಮನ್ಯಾಗ ಇದ್ದಾನ," ಎಂದೆ.

"ಇದ್ದಾನ. ನಾ ಬಲ್ಲೇನೇನ? ಇಷ್ಟ ವರ್ಷದಾಗ ಈ ಹುಡುಗನ ದನಿ ಒಮ್ಮೆನೂ ನನ್ನ ಕಿವಿಗೆ ಬಿದ್ದಿಲ್ಲ. ನನಗ ಗೊತ್ತಿರಾಂವ ಬ್ಯಾರೆ. ಅವನ ಮ್ಯಾಲೆ ಇವನ ಹೆಸರು ಹ್ಯಾಂಗ ಬರೀಲಿ?"

ಅವನು ಕಡತವನ್ನು ಎದೆಗವಚಿಕೊಂಡು ನಿಂತಿದ್ದ. ಏನೋ ಹೇಳಲು ಬಾಯಿ ತೆರೆದವನು, ಬರಲಿರುವುದು ಯಾರ ದನಿ ಎಂದು ನೆನಪಾದವನಂತೆ, ಮುಚ್ಚಿಕೊಂಡ. ಪರವಾನಗಿಗೆ ಇನ್ನು ಇಪ್ಪತ್ತೆರಡು ದಿನ ಉಳಿದಿದ್ದವು.

ಮರುದಿನ ಮಧ್ಯಾಹ್ನ ನಾನು ಮೇಲೆ ಹೋಗಿ ಎಲ್ಲ ಒಪ್ಪಿಸಿದೆ. ಇದು ನಿನ್ನ ಕನ್ನಡವಲ್ಲ, ಸತ್ತ ನನ್ನ ಅಜ್ಜನದು, ಚೇಷ್ಟೆಗೆ ಶುರುಮಾಡಿದ್ದೆ ಎಂದೆ. ಅವನು ಅಂಗಿಗಳನ್ನು ಮಡಿಸುತ್ತಿದ್ದ. ನಿಲ್ಲಿಸಲಿಲ್ಲ.

"ಗೊತ್ತದ ತಮ್ಮಾ. ಆ ಫೋನ್ ಬಂದ ದಿನಾನ ಗೊತ್ತಾತು."

"ಮತ್ತ ಯಾಕ ಬಿಡ್ಲಿಲ್ಲ?"

"ಬಿಟ್ಟ ಬ್ಯಾರೆ ಎಲ್ಲಿಂದ ತರ್ಲಿ? ಈ ಭಾಷಾದಾಗ ನಾ ಬಾಯಿ ತಗದ್ರ, ನನಕಿಂತ ಮೊದಲ ಅವರು ಮಾತಾಡಿರ್ತಾರ."

ಆಮೇಲೆ ಅವನು ಮೆಟ್ಟಿಲಿನ ವಿಷಯ ಹೇಳಿದ. ಅವನ ವಾರದ ರಜೆಯ ದಿನ, ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ, ಅಜ್ಜಿ ಬಂದು ಮೂರನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಮೇಲೆ ಎಂದೂ ಬರುತ್ತಿರಲಿಲ್ಲ. ಅವನು ಕೆಳಗಿಳಿದರೆ ಎದ್ದು ಹೋಗುತ್ತಿದ್ದಳು. ಅಲ್ಲಿಂದಲೇ ಏನಾದರೂ ಕೇಳುತ್ತಿದ್ದಳು, ಬಾಗಿಲ ಹಿಂದಿನಿಂದ ಅವನು ಉತ್ತರ ಕೊಡುತ್ತಿದ್ದ. ತಪ್ಪಾದರೆ, ಹಾಗಲ್ಲ, ನೀವು ಹೀಗನ್ನುತ್ತಿದ್ದಿರಿ ಎಂದು ತಿದ್ದುತ್ತಿದ್ದಳು. ಅಜ್ಜಿ ಮೆಟ್ಟಿಲ ಮೇಲೆ ಕೂತು ತುಟಿಯಾಡಿಸುವುದನ್ನು ನಾನೂ ನೋಡಿದ್ದೆ, ಜಪ ಅಂದುಕೊಂಡಿದ್ದೆ. ಒಮ್ಮೆ ಅವಳು, ನಿಮ್ಮ ಓದುವ ಕನ್ನಡಕ ನೀವು ಹೋದಾಗಿನಿಂದ ಸಿಕ್ಕಿಲ್ಲ, ಎಲ್ಲಿಟ್ಟಿರಿ ಎಂದು ಕೇಳಿದಳಂತೆ. ಮೀಟರಿನ ಪೆಟ್ಟಿಗೆಯ ಹಿಂದೆ ಎಂದು ಇವನ ಬಾಯಿಂದ ಬಂತಂತೆ. ಕನ್ನಡಕ ಅಲ್ಲೇ ಇತ್ತು.

ಅದು ಹೇಗೆ ಗೊತ್ತಾಯಿತೆಂದು ಕೇಳಿದೆ. ತನಗೂ ಗೊತ್ತಿಲ್ಲ ಎಂದ. ನಾನು ಹೇಳಿಕೊಟ್ಟ ಪಾಠದಲ್ಲಿ ಅಂಥದೊಂದು ವಾಕ್ಯವಿತ್ತೇ ಎಂದು ಎಷ್ಟು ನೆನಪು ಕೆದಕಿದರೂ ಸಿಗಲಿಲ್ಲ.

ಕೆಳಗೆ ಬಂದು ಅಜ್ಜಿಯ ಎದುರು ಕೂತು, ತಪ್ಪು ನನ್ನದು, ಶಿಕ್ಷೆ ಅವನಿಗೇಕೆ ಎಂದೆ. ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಕರೆಸಿ ಅಡುಗೆಮನೆಯಲ್ಲಿ, ಕಿಟಕಿಯ ಬೆಳಕಿನಲ್ಲಿ, ತನ್ನೆದುರು ಕೂರಿಸಿಕೊಂಡಳು. ಹದಿಮೂರು ವರ್ಷಗಳಲ್ಲಿ ಅವನ ಮುಖ ನೋಡಿಕೊಂಡು ಮಾತಾಡಿದ್ದು ಅದೇ ಮೊದಲು.

"ನಿನ್ನ ದನೀಲೆ ಮಾತಾಡು," ಎಂದಳು.

ಅವನು ಬಾಯಿ ತೆರೆದ. 'ಹ್ಮ್' ಬಂತು. ನೀರು ಕುಡಿದು ಮತ್ತೆ ಯತ್ನಿಸಿದ. ಮತ್ತೆ ಅಜ್ಜ. ಮೂರನೆಯ ಸಲ ಅವನು ಬಾಯಿಗೆ ಕೈ ಅಡ್ಡ ಹಿಡಿದ; ಬೆರಳ ಸಂದಿಯಿಂದ ಅಜ್ಜನ 'ಅಂದ್ರ' ಸೋರಿತು. ಅಡುಗೆಮನೆಯಲ್ಲಿ ನಾವಿದ್ದದ್ದು ಮೂವರು. ಎಣಿಸು ಎಂದಿದ್ದರೆ ಆಗ ನನಗೆ ಎಣಿಸುವ ಧೈರ್ಯವಿರಲಿಲ್ಲ.

"ಕನ್ನಡ ಬ್ಯಾಡ," ಎಂದಳು ಅಜ್ಜಿ. "ನಿಮ್ಮವ್ವನ ಕೂಡ ಹ್ಯಾಂಗ ಮಾತಾಡ್ತಿದ್ದಿ, ಹಂಗ ಮಾತಾಡು."

ಅವನು ಅರಬ್ಬಿಯಲ್ಲಿ ಶುರುಮಾಡಿದ. ಅದು ಅವನ ಇಂಗ್ಲಿಷಿನಲ್ಲೂ ನಾನು ಕೇಳದ ದನಿ: ತೆಳ್ಳಗೆ, ಮೇಲೆ, ಅವಸರದ್ದು, ನಡುವೆ ಮೂಗಿನಲ್ಲೇ ನಗುವಂಥದು. ಅವನ ಹೆಗಲು ಇಳಿದವು. ಹತ್ತೊಂಬತ್ತರ ಹುಡುಗ ಹತ್ತೊಂಬತ್ತರಲ್ಲೇ ಎಲ್ಲೋ ಕೂತಿದ್ದನೆಂದು ಕಾಣುತ್ತದೆ. ಒಂದಕ್ಷರವೂ ತಿಳಿಯದಿದ್ದರೂ ಅಜ್ಜಿ ಕೊನೆಯವರೆಗೆ ಕೇಳಿದಳು. ಮುಗಿದ ಮೇಲೆ, ಅದನ್ನೇ ಅದೇ ದನಿಯಲ್ಲಿ ಕನ್ನಡದಲ್ಲಿ ಹೇಳು, ತಪ್ಪಾದರೆ ಆಗಲಿ ಎಂದಳು.

"ಅವ್ವ... ಫೋನ್ ಎತ್ತೂದಿಲ್ಲ. ನಾನು ದಿನಾ ಮಾಡ್ತದ. ಅವ್ವ ಎತ್ತೂದಿಲ್ಲ."

ಎರಡು ವರ್ಷದ ಕೂಸಿನ ಕನ್ನಡ. ಕ್ರಿಯಾಪದಗಳೆಲ್ಲ ಮುರಿದುಬಿದ್ದಿದ್ದವು. ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು, ರಿಕ್ಷಾ ಕರಿ, ನೋಟರಿಯ ಹತ್ತಿರ ಹೋಗೋಣ ಎಂದಳು.

ಸಹಿಯಾಯಿತು. ಆದರೆ ಹೊಸ ಫಜೀತಿ ಹುಟ್ಟಿತು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಕಾಗದ ಪರಿಶೀಲನೆಗೆ ಕರೆದ ದಿನ, ಮೇಜಿನ ಆ ಕಡೆ ಕೂತಿದ್ದ ಅಧಿಕಾರಿ ನಿಪ್ಪಾಣಿ ಕಡೆಯ ಹೆಂಗಸು. ಸೊಗಸಾದ ಕನ್ನಡ ಬರುತ್ತಿತ್ತು. ಅವರು ಕೇಳಿದ್ದಕ್ಕೆಲ್ಲ ಅವನು ತನ್ನ ತೆಳ್ಳನೆಯ ದನಿಯಲ್ಲಿ ತಡವರಿಸಿ ಉತ್ತರ ಕೊಟ್ಟ. ಅವರು ಕಾಗದ ತಿರುವಿದರು.

"ಕನ್ನಡ ಚಲೋ ಬರ್ತದ ಅಂತ ಬರದಾರಲ್ರಿ ಇಲ್ಲೆ. ಇದು ಬಂದಂಗನ?"

ಪರವಾನಗಿಗೆ ಆರು ದಿನವಿತ್ತು. ಇದನ್ನು ವಾಪಸು ಕಳಿಸಿದರೆ ಮತ್ತೆ ಕರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಅವನು ಅಜ್ಜಿಯ ಕಡೆ ನೋಡಿದ. ಅಜ್ಜಿ ಅವನ ಕಡೆ ನೋಡಲಿಲ್ಲ. ಅವನ ಹೆಗಲಿನ ತುಸು ಹಿಂದೆ, ಗೋಡೆಗೂ ಅವನಿಗೂ ನಡುವಿನ ಜಾಗಕ್ಕೆ ನೋಡಿ, "ನೀವ ಹೇಳ್ರಿ," ಎಂದಳು.

'ಹ್ಮ್' ಎಂದಿತು. ಅಂದ್ರ, ಎಂದಿತು. ಆಮೇಲೆ ಧಾರವಾಡದ ಕನ್ನಡ ತುಂಬುಹರಿವಿನಲ್ಲಿ ಬಂತು. ಈ ದೇಶದಲ್ಲಿ ಯಾಕೆ ಇರಬೇಕು, ಈ ಊರಿನ ಅನ್ನ ಎಷ್ಟು ವರ್ಷ ಉಂಡದ್ದು, ಎಲ್ಲವೂ. ನಡುವೆ ಅವನು ಬೆರಳೆತ್ತಿ ನಿಂತ. ಎಲ್ಲೂ ಸದ್ದಿರಲಿಲ್ಲ. ಅಧಿಕಾರಿ ಮೇಲೆ ಫ್ಯಾನಿನತ್ತ ನೋಡಿದರು. ಕಡಿದ ಅಕ್ಷರದಿಂದ ಮತ್ತೆ ಮಾತು ಹೊರಟಿತು. ಅವರ ಮುಖ ಅರಳಿತ್ತು. ತವರಿನ ಮಾತು ಕೇಳಿದವರ ಮುಖ. ಇಷ್ಟು ಚೆಂದದ ಕನ್ನಡ ಎಲ್ಲಿ ಕಲಿತಿರಿ ಎಂದರು.

"ಕಲಿಯೂದೇನ ಬಂತ್ರಿ ಬಾಯಾರ. ನಾ ಹುಟ್ಟಿದ್ದ ಮದಿಹಾಳದಾಗ. ಮನಿ ಮುಂದ ಬೇವಿನ ಗಿಡಾ ಇತ್ತು, ನಮ್ಮಪ್ಪ ಅದರ ಬುಡಕ ಕುಂತ..."

ಧಾರವಾಡದಲ್ಲಿ ಅಜ್ಜ ಹುಟ್ಟಿದ ಮದಿಹಾಳದ ಹೆಸರನ್ನು ನಾನು ಅವನಿಗೆ ಹೇಳಿರಲಿಲ್ಲ. ಬೇವಿನ ಗಿಡದ ವಿಷಯ ನನಗೇ ಗೊತ್ತಿರಲಿಲ್ಲ. ಅಜ್ಜಿಯ ಕೊರಳು ಚಕ್ಕನೆ ತಿರುಗಿದ್ದರಿಂದ ಅದು ನಿಜವೆಂದು ತಿಳಿಯಿತು. ಅಧಿಕಾರಿಯ ಪೆನ್ನು ನಿಂತಿತ್ತು. ಅವರ ಎದುರಿನ ಅರ್ಜಿಯಲ್ಲಿ ಹುಟ್ಟಿದ ಊರು ಓಮ್ದುರ್ಮಾನ್ ಎಂದಿತ್ತು. ಹುಟ್ಟಿದ ಊರಿನ ಬಗ್ಗೆ ಎರಡು ಹೇಳಿಕೆ ಎಂದರೆ ಅರ್ಜಿಯ ಕತೆ ಅಲ್ಲಿಗೆ ಮುಗಿಯಿತು. ಅವನ ಕಣ್ಣುಗಳು ಭಯದಿಂದ ಅಗಲವಾಗಿದ್ದವು. ಬಾಯಿ ಮಾತ್ರ ಮುಂದುವರಿಯುತ್ತಿತ್ತು.

ಅಜ್ಜಿ ಅವನ ಮಣಿಕಟ್ಟು ಹಿಡಿದಳು.

"ಸಾಕ್ರಿ. ಇದು ಈ ಹುಡುಗನ ಕೆಲಸ ಅದ. ನೀವು ಇನ್ನ ನಡೀರಿ."

ಬಾಯಿ ಮುಚ್ಚಿತು. ಆಮೇಲೆ ಮುರುಕು ಕನ್ನಡದಲ್ಲಿ, ತೆಳ್ಳಗೆ, ಅವನೇ ಮಾತಾಡಿದ.

"ಮ್ಯಾಡಂ, ಅದು ನಾ ಅಲ್ಲ. ನಾ ಹುಟ್ಟಿದ್ದು ಓಮ್ದುರ್ಮಾನ್. ಅವ್ವ ಅಲ್ಲೆ ಇದ್ಲು. ಈಗ ಎಲ್ಲಿ, ಗೊತ್ತಿಲ್ಲ. ಕನ್ನಡ ಅವರದು ಚಂದ. ನಂದು ಇಷ್ಟ. ಆದ್ರ ಇದು ನಂದು. ನಾ ಇಲ್ಲೆ ಇರ್ಬೇಕು."

ಅಧಿಕಾರಿ ಅವನನ್ನು ನೋಡಿದರು, ನನ್ನನ್ನು ನೋಡಿದರು. ನಾನು ಜೀವಮಾನದಲ್ಲಿ ಮೊದಲ ಸಲ ಯಾರಂತೆಯೂ ಮುಖ ಮಾಡದೆ ಕೂತಿದ್ದೆ. ಕೊನೆಗೆ ಅಜ್ಜಿಯನ್ನು, ಇವರನ್ನು ನೀವು ಬಲ್ಲಿರೇನು ಎಂದು ಕೇಳಿದರು.

"ಈಗ ಬಲ್ಲೆ," ಎಂದಳು ಅಜ್ಜಿ.

ಅವರು ಭಾಷೆಯ ಎದುರಿನ ಖಾಲಿ ಜಾಗದಲ್ಲಿ 'ಸಾಕಷ್ಟು' ಎಂಬರ್ಥದ ಒಂದು ಪದ ಬರೆದು ಮೊಹರು ಹಾಕಿದರು. ಯಾವ ದನಿಗೆ ಆ ಪದ ಎಂದು ಬರೆಯಲು ಅಲ್ಲಿ ಅಂಕಣವಿರಲಿಲ್ಲ. ಅರ್ಜಿ ಸೇರಿದ ರಶೀದಿ ಅವನ ಕೈಗೆ ಬಂತು.

ಹೊರಗೆ ಚಹದ ಗೂಡಂಗಡಿ 'ಟಪರಿ'ಯ ಎದುರು ನಿಂತಾಗ ಅಜ್ಜಿ ಅವನಿಗೆ, ಚಹಕ್ಕೆ ಸಕ್ಕರೆ ಬೇಕೇನು ಎಂದು ಕೇಳಿದಳು. ಸಕ್ಕರೆ ಕಾಯಿಲೆಯಿದ್ದ ಅಜ್ಜನ ಚಹವನ್ನೇ ಅವಳು ಇಷ್ಟು ವರ್ಷ ಅವನಿಗೆ ಮಾಡಿಕೊಡುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಬೇಕು ಎಂದ ಅವನು, ಎರಡು ಚಮಚೆ.

ಒಪ್ಪಿಗೆಯ ಪತ್ರ ಬರಲು ವರ್ಷದ ಮೇಲಾಯಿತು. ಅಷ್ಟು ದಿನ ಮನೆಯಲ್ಲಿ ಅವನು ತನ್ನ ಮುರುಕು ಕನ್ನಡವನ್ನೇ ಆಡಿದ. ಅಜ್ಜಿ ಮೆಟ್ಟಿಲ ಮೇಲೆ ಕೂರಲಿಲ್ಲ. ಪತ್ರದ ಹಿಂದೆಯೇ ಅವನು ತನ್ನ ಹಳೆಯ ಪೌರತ್ವ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದ. ಇನ್ನು ಉಳಿದದ್ದು ನಿಷ್ಠೆಯ ಪ್ರಮಾಣವಚನ. ಆ ದಿನ ಬೆಳಿಗ್ಗೆ ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡ, ಅಮ್ಮ ರಜೆ ಹಾಕಿದಳು. ಅಜ್ಜಿ ಮಾತ್ರ ಹಳೆಯ ಸೀರೆಯಲ್ಲೇ ಬಾಗಿಲಿಗೆ ಬಂದು ನಿಂತಳು. ನೀನೇ ಬರದಿದ್ದರೆ ಹೇಗೆ ಎಂದು ಕೈ ಹಿಡಿದೆಳೆದೆ. ಅವಳು ಮೆಲ್ಲಗೆ ಬಿಡಿಸಿಕೊಂಡಳು.

"ನೀವ ಹೋಗ್ರಿ. ನಾ ಬಂದ್ರ ಅವರೂ ಬರ್ತಾರ."